ಸ್ಪಷ್ಟನೆ: ‘ಲೈಫ್ ಈಸ್ ಸ್ಟ್ರೇಂಜ್ 2’ರ ಅಂತ್ಯವನ್ನು ಕೊನೆಯ ಆಯ್ಕೆಯೊಂದೇ ತೀರ್ಮಾನಿಸುವುದಿಲ್ಲ

‘ಲೈಫ್ ಈಸ್ ಸ್ಟ್ರೇಂಜ್ 2’ ವಿಡಿಯೊ ಗೇಮಿನಲ್ಲಿ ಅಮೆರಿಕ–ಮೆಕ್ಸಿಕೊ ಗಡಿಯ ಬಳಿ ಮಾಡುವ ಕೊನೆಯ ಆಯ್ಕೆಯೊಂದೇ ಲೆಕ್ಕಕ್ಕೆ, ಅದಕ್ಕೆ ಮುಂಚಿನದೆಲ್ಲ ವ್ಯರ್ಥ ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. (ಕಥೆಯ ಕೊನೆ ಇಲ್ಲಿ ಬಯಲಾಗುತ್ತದೆ, ಇನ್ನೂ ಆಡದವರು ಆಡಿ ಬಂದು ಓದಿ.)

2018–19ರಲ್ಲಿ ಐದು ಕಂತುಗಳಲ್ಲಿ ಬಂದ ಡೋಂಟ್‌ನಾಡ್ ಸ್ಟುಡಿಯೊದ ಈ ಗೇಮು ಪೊಲೀಸರಿಂದ ತಪ್ಪಿಸಿಕೊಂಡು ಮೆಕ್ಸಿಕೊ ಕಡೆಗೆ ಓಡುವ ಅಣ್ಣತಮ್ಮಂದಿರ ಕಥೆ. ನಾವು ಆಡುವುದು ಹದಿನಾರರ ಅಣ್ಣ ಶಾನ್ ಆಗಿ. ಅತಿಮಾನುಷ ಶಕ್ತಿ ಇರುವುದು ಒಂಬತ್ತು ವರ್ಷದ ತಮ್ಮ ಡೇನಿಯಲ್‌ಗೆ, ಅವನು ನಮ್ಮ ಕೈಯಲ್ಲಿಲ್ಲ. ಅಣ್ಣನನ್ನು ನೋಡಿ ಕಲಿಯುತ್ತಾನೆ, ಅಷ್ಟೇ. ಮೊದಲ ಕಂತಿನ ಪೆಟ್ರೋಲ್ ಬಂಕ್ ಅಂಗಡಿಯಲ್ಲಿ ಶಾನ್ ತಿಂಡಿ ಕದ್ದರೆ, ಕದಿಯಬಹುದು ಎಂಬುದೇ ತಮ್ಮನಿಗೆ ಪಾಠ. ಎರಡನೇ ಕಂತಿನಲ್ಲಿ ಅವರ ನಾಯಿಮರಿಯನ್ನು ಕೊಂದ ಕೂಗರ್ (ಅಮೆರಿಕದ ದೊಡ್ಡ ಕಾಡುಬೆಕ್ಕು) ಎದುರಿಗೆ ನಿಂತಿರುವಾಗ ತಮ್ಮನಿಗೆ ‘ಕೊಲ್ಲು’ ಎನ್ನುವಿರೋ, ‘ಬೇಡ’ ಎನ್ನುವಿರೋ? ಆ ಗಳಿಗೆಯಲ್ಲಿ ನನ್ನ ಕೈ ನಿಜಕ್ಕೂ ತಡವರಿಸಿತ್ತು.

ಇದೆಲ್ಲ ಒಳಗೊಳಗೇ ಜಮೆಯಾಗುತ್ತದೆ. ಶರಣಾಗುವುದೋ, ಮೆಕ್ಸಿಕೊಗೆ ದಾಟುವುದೋ ಎಂದು ಶಾನ್ ತೀರ್ಮಾನಿಸಿದ ಮೇಲೂ ಡೇನಿಯಲ್ ಅದನ್ನು ಒಪ್ಪಬಹುದು, ಧಿಕ್ಕರಿಸಲೂಬಹುದು. ಅಣ್ಣ ದಾಟಲು ಹೊರಟರೂ ನೀತಿವಂತನಾಗಿ ಬೆಳೆದ ತಮ್ಮ ಕಾರಿನಿಂದ ಹಾರಿ ಹಿಂದೆ ಉಳಿಯಬಲ್ಲ. ಅಣ್ಣ ಶರಣಾಗಲು ಮುಂದಾದರೂ ಹಿಂಸೆಗೆ ಒಗ್ಗಿದ ತಮ್ಮ ಪೊಲೀಸರ ಮೇಲೆ ಬೀಳುತ್ತಾನೆ, ಶಾನ್ ಸಾಯುತ್ತಾನೆ. ಹಾಗಾಗಿಯೇ ಮುಖ್ಯ ಅಂತ್ಯಗಳು ಎರಡಲ್ಲ, ನಾಲ್ಕು.

ಕೊನೆಯ ದೃಶ್ಯವನ್ನಷ್ಟೇ ಮತ್ತೆ ಆಡಿ ನಾಲ್ಕನ್ನೂ ನೋಡಲಾಗುವುದಿಲ್ಲ. ಬೇರೆ ಡೇನಿಯಲ್ ಬೇಕೆಂದರೆ ಹಿಂದಿನ ಕಂತುಗಳಿಗೆ ಹೋಗಿ ಬೇರೆ ಅಣ್ಣನಾಗಬೇಕು.