ಸತ್ಯಾಂಶ: ಎದೆಗೆ ಪ್ಲಾಸ್ಟಿಕ್ ತುಂಬುತ್ತಾರಾ?

‘ಪ್ಲಾಸ್ಟಿಕ್ ಸರ್ಜರಿ ಅಂದರೆ ಮೈಯೊಳಗೆ ಪ್ಲಾಸ್ಟಿಕ್ ತುಂಬುವುದು, ಎಚ್ಚರ!’ ಜಯನಗರದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಬಂದ ಫಾರ್ವರ್ಡ್ ಇದು. ಸ್ತನ ಕ್ಯಾನ್ಸರ್ ಆಪರೇಷನ್ನಿಗೆ ಕಾಯುತ್ತಿರುವವರು ಓದಿದರೆ ಸುಮ್ನೆ ಹೆದರುತ್ತಾರೆ, ಅಲ್ವಾ?

ಈ ಮಾತು ತಪ್ಪು. ಇಲ್ಲಿ ‘ಪ್ಲಾಸ್ಟಿಕ್’ ಅಂದರೆ ರೂಪ ಕೊಡುವುದು. ಗ್ರೀಕ್ ಮೂಲದ ಪದ. ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಎದೆಯ ಭಾಗವನ್ನು ಮತ್ತೆ ಕಟ್ಟಲು ರೋಗಿಯದೇ ಚರ್ಮ, ಸ್ನಾಯು ಬಳಸುವುದುಂಟು. ಬೆನ್ನಿನ ಅಗಲವಾದ ಸ್ನಾಯುವನ್ನು ಚರ್ಮದ ಸಮೇತ ಬಿಡಿಸುತ್ತಾರೆ. ಕಂಕುಳಿನ ಕಡೆಯಿಂದ ಬರುವ ರಕ್ತನಾಳವನ್ನು ಮಾತ್ರ ಕತ್ತರಿಸುವುದಿಲ್ಲ. ಹಾಗೇ ಮುಂದಕ್ಕೆ ತಿರುಗಿಸಿ ಎದೆಗೆ ಹೊಲಿಯುತ್ತಾರೆ. ರಕ್ತ ಹರಿಯುತ್ತಲೇ ಇರುವುದರಿಂದ ಅದು ಬದುಕುತ್ತದೆ. ಇಟಲಿಯ ಸರ್ಜನ್ ತನ್ಸೀನಿ 1906ರಲ್ಲೇ ಇದನ್ನು ವಿವರಿಸಿದ್ದರು.

ಗಡ್ಡೆಯ ಜೊತೆ ಹಲವು ಪಕ್ಕೆಲುಬನ್ನೂ ತೆಗೆದಾಗ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಲೆ ಹಾಕುವುದುಂಟು. ಅದೂ ಉಸಿರೆಳೆದಾಗ ಎದೆ ಒಳಕ್ಕೆ ಕುಸಿಯದಿರಲಿ ಅಂತ. ನಿಮಗೆ ಏನು ಹಾಕುತ್ತಾರೆ ಅಂತ ಡಾಕ್ಟರನ್ನೇ ಕೇಳಿ.