ಥರ್ಮಾಮೀಟರಿಗೆ ಜ್ವರ

ಮೊನ್ನೆ ಮೈ ಬೆಚ್ಚಗಿದೆಯೆಂದು ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯಡಿ ಇಟ್ಟುಕೊಂಡರೆ, ಬೀಪ್ ಎನ್ನುವ ಮೊದಲೇ ಅದು ಕಣ್ಣು ಮುಚ್ಚಿತು. ಬ್ಯಾಟರಿ ತೀರಿತ್ತು. ಅಂಗಿಯ ಗುಂಡಿಯಷ್ಟಿರುವ ಆ ಬ್ಯಾಟರಿಗಾಗಿ, ಏಪ್ರಿಲ್ ಬಿಸಿಲಿನಲ್ಲಿ, ಜ್ವರ ಹೊತ್ತುಕೊಂಡೇ ನಮ್ಮ ರಾಯಚೂರಿನ ತೀನ್ ಕಂದೀಲ್ ವೃತ್ತದವರೆಗೆ ನಡೆದೆ. ಮೂರು ಅಂಗಡಿಯಲ್ಲೂ ಒಂದೇ ಮಾತು: "ಹೊಸದೇ ತೆಗೆದುಕೊಂಡುಬಿಡಿ." ನನಗೂ ವಯಸ್ಸಾಗುತ್ತಿದೆ, ನಾಳೆ ಮನೆಯವರಿಗೂ ಇದೇ ಸಲಹೆ ಕೊಟ್ಟಾರು.

ಪಾದರಸದ ಗಾಜಿನ ಕಡ್ಡಿಗೆ ಈ ರೋಗವಿರಲಿಲ್ಲ. ಆದರೆ ರಾಯಚೂರಿನಲ್ಲಿ ಅದಕ್ಕೆ ಬೇರೊಂದು ರೋಗ. ಮೇ ತಿಂಗಳ ಮಧ್ಯಾಹ್ನ ಪಡಸಾಲೆಯೇ 40 ಡಿಗ್ರಿ ಕಾದಿರುವಾಗ, ತೋಳು ಸೋಲುವಷ್ಟು ಕೊಡವಿದರೂ ಪಾದರಸ ಫ್ಯಾರನ್‌ಹೀಟಿನ 104ರಿಂದ ಕೆಳಗಿಳಿಯುವುದಿಲ್ಲ. ಬಾಯಿಗಿಡುವ ಮೊದಲೇ ಊರಿಗೆ ಊರೇ ಜ್ವರದಲ್ಲಿ ಬಿದ್ದಂತೆ.

ನಮ್ಮ ಓಣಿಯ ಡಾಕ್ಟರರ ಕಾಂಪೌಂಡರ್ ಇದಕ್ಕೊಂದು ಉಪಾಯ ಮಾಡಿದ್ದರು. ಕಡ್ಡಿಯ ಕೊರಳಿಗೆ ದಾರ ಕಟ್ಟಿ ನೀರಿನ ಗಡಿಗೆಯೊಳಗೆ ಇಳಿಬಿಡುವುದು, ತಣ್ಣಗಾದ ಮೇಲೆ ಎತ್ತಿ ಕೊಡವಿ ರೋಗಿಯ ಬಾಯಿಗಿಡುವುದು. ಬಾಯಾರಿದ ರೋಗಿಗಳು ತಂಬಿಗೆ ಅದ್ದುತ್ತಿದ್ದದ್ದೂ ಅದೇ ಗಡಿಗೆಯಲ್ಲಿ. ಯಾರೂ ಏನೂ ಅನ್ನಲಿಲ್ಲ.

ನನ್ನ ಸರದಿಯ ದಿನ ದಾರ ಹರಿಯಿತು. ಕಾಂಪೌಂಡರ್ ತೋಳು ಮಡಚಿ, ಮೊಣಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು ತಡಕಿದರು. ಸಿಗಲಿಲ್ಲ. ನನ್ನ ಅಪ್ಪನೂ ಕೈ ಹಾಕಿದರು. ಬೆನ್ನುನೋವಿಗೆಂದು ಬಂದಿದ್ದ ಮುದುಕರೊಬ್ಬರು ತಾನಾಗಿಯೇ ಎದ್ದು ಬಂದು ಸಲಹೆಗೆ ನಿಂತರು. ಕೊನೆಗೆ ಮೂವರೂ ಸೇರಿ ಗಡಿಗೆಯನ್ನು ಓರೆ ಮಾಡಲು ಹೋಗಿ ಜಾರಿಸಿದರು. ಗಡಿಗೆ ಮೂರು ಚೂರು; ಕಡ್ಡಿಗೆ ಒಂದು ಗೀರೂ ಇಲ್ಲ! ಕಾಂಪೌಂಡರ್ ಅದನ್ನು ಧೋತರದ ಅಂಚಿನಲ್ಲಿ ಒರೆಸಿ, ಗೆದ್ದವರಂತೆ ನನ್ನ ಬಾಯಿಗೆ ತುರುಕಿದರು. ಆ ಕೆಸರಿನ ರುಚಿ ಈಗಲೂ ನೆನಪಿದೆ. ಜ್ವರ ಎಷ್ಟಿತ್ತೆಂಬುದು ನೆನಪಿಲ್ಲ.

ಆರು ಇಂಚಿನ ಈ ಕಡ್ಡಿಯನ್ನು ರೂಪಿಸಿದವನು ಇಂಗ್ಲೆಂಡಿನ ವೈದ್ಯ ಆಲ್ಬಟ್, 1866ರ ಸುಮಾರಿಗೆ. ಅದಕ್ಕೆ ಮುಂಚಿನದು ಒಂದು ಅಡಿ ಉದ್ದ, ಹಿಡಿದು ಕೂರಬೇಕಾದದ್ದು 20 ನಿಮಿಷ. ಅವನು ಐದು ನಿಮಿಷಕ್ಕೆ ಇಳಿಸಿದ. ದೊಡ್ಡ ಉಪಕಾರವೇ, ಅಲ್ಲವೆನ್ನುವುದಿಲ್ಲ. ಆದರೆ ಚಳಿಯ ದೇಶದವನಿಗೆ ನಮ್ಮ ಪಡಸಾಲೆ ಹೇಗೆ ಹೊಳೆದೀತು?

ಹೊಸದನ್ನೇ ಕೊಂಡು ತಂದೆ. ಜೊತೆಗಿದ್ದ ಚೀಟಿಯಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ, 40 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ಕಡೆ ಬಳಸಬಾರದು ಎಂದಿದೆ. ಗಡಿಗೆ ಮನೆಯಲ್ಲಿದೆ. ದಾರ ಹುಡುಕುತ್ತಿದ್ದೇನೆ.