ನಾರ್ಮಲ್ ಅಂತೆ, ನಾರ್ಮಲ್!

ಭಾನುವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಚಿತ ಆರೋಗ್ಯ ಶಿಬಿರ. ಮೆಷಿನ್ ಮೇಲೆ ನಿಂತರೆ ಚೀಟಿ ಬರುತ್ತದೆ. ಭಾವನ ಚೀಟಿ: 170 ಸೆಂ.ಮೀ., 69 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯಾ ಅನ್ನುವ ಲೆಕ್ಕ) 23.9. ಕೆಳಗೆ 'ನಾರ್ಮಲ್'. "ಶುಗರ್ ಟೆಸ್ಟ್ ಬೇಕಾಗಿಲ್ಲ ಸಾರ್" ಅಂತ ಆ ಹುಡುಗ ಮುಂದಿನವರನ್ನು ಕರೆದ.

ಭಾವ ನನ್ನ ಕಡೆ ನೋಡಿ ನಕ್ಕರು. "ನೋಡಿದ್ಯಾ? ಸುಮ್ನೆ ಹೆದರಿಸ್ತೀಯ."

ಕಡ್ಡಿಯಂಥ ಕೈಕಾಲು, ಮುಂದೆ ಪುಟ್ಟ ಮಡಕೆಯಂಥ ಹೊಟ್ಟೆ. ಅವರಪ್ಪನಿಗೆ ಶುಗರ್ ಇತ್ತು. ನಾರ್ಮಲ್ ಅಂತೆ!

ಆ 23.9 ನೋಡಿಯೇ ನನಗೆ ಉರಿದದ್ದು. ಇಂಗ್ಲೆಂಡಿನ ಸುಮಾರು 15 ಲಕ್ಷ ಜನರ ವೈದ್ಯಕೀಯ ದಾಖಲೆ ಜಾಲಾಡಿದ ಅಧ್ಯಯನವೊಂದು 2021ರಲ್ಲಿ ಬಂತು. ಬಿಳಿಯರಿಗೆ ಬಿಎಂಐ 30 ಇದ್ದಾಗ ಇರುವಷ್ಟೇ ಸಕ್ಕರೆ ಕಾಯಿಲೆಯ ಅಪಾಯ ದಕ್ಷಿಣ ಏಷ್ಯಾ ಮೂಲದವರಿಗೆ ಎಷ್ಟಕ್ಕೆ ಬರುತ್ತದೆ ಗೊತ್ತಾ? 23.9ಕ್ಕೆ. ಭಾವನ ಚೀಟಿಯ ನಂಬರೇ! ನಮ್ಮ ಡಾಕ್ಟರುಗಳೂ 2009ರಲ್ಲೇ ಹೇಳಿದ್ದಾರೆ, ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ. ಆ ಮೆಷಿನ್‌ಗೆ ಮಾತ್ರ ಯಾರೂ ಹೇಳಿಲ್ಲ.

ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೊ ಒಂದಿದೆ. 2004ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದದ್ದು. ಇಬ್ಬರ ಬಿಎಂಐಯೂ 22.3. ಮೈಯಲ್ಲಿ ಕೊಬ್ಬು? ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕ್‌ಗೆ ಶೇ. 21.2. ತೂಕದ ಮೆಷಿನ್‌ಗೆ ಇದು ಕಾಣುತ್ತದಾ?

"ಮೈಯಲ್ಲೂ ಜನಾಂಗ ಹುಡುಕಬೇಕಾ?" ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೆ ಪ್ರಶ್ನೆಯೇ, ನಾವೆಲ್ಲ ಒಂದೇ ಅಚ್ಚಿನವರೂ ಅಲ್ಲ. ಆದರೆ ಬಿಳಿಯರ ಅಳತೆ ಎಲ್ಲರಿಗೂ ಸಾಕು ಅನ್ನುವುದು ಯಾವ ಸೀಮೆ ಸಮಾನತೆ ಮಾರಾಯ?

ಹೋಗಲಿ, ಒಂದು ಟೇಪು ಹಿಡಿಯಬಹುದಿತ್ತಲ್ವಾ? ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ಫಾರಂನಲ್ಲೂ ಸೊಂಟದ ಸುತ್ತಳತೆಗೆ ಅಂಕ ಇದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಹುಷಾರು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಮೇಲೆ ಅಳೆಯಬೇಕು. ಪ್ಯಾಂಟಿನ ಸೈಜು ಹೇಳಬೇಡಿ. ಹೊಟ್ಟೆ ಕೆಳಗೆ ಬೆಲ್ಟ್ ಬಿಗಿದರೆ ಎಲ್ಲರೂ 34ರವರೇ.

ನಾನೇನು ಸಾಚಾ ಅಲ್ಲ. ಟೈಲರ್ ಟೇಪು ಹಿಡಿದಾಗಲೆಲ್ಲ ಹೊಟ್ಟೆ ಒಳಗೆಳೆದುಕೊಂಡೇ ಆರು ವರ್ಷ ಕಳೆದೆ. ನಂಗೆ ಶುಗರ್ ಇದೆ ಅಂತ ಗೊತ್ತಾಗಿದ್ದು ಕಾಲಿನ ಗಾಯ ಮಾಯದೇ ಹೋದಾಗ.

ಸಂಜೆ ಅಕ್ಕನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದೆ. ಭಾವ ಉಸಿರು ಬಿಗಿಹಿಡಿದರು.

"ಉಸಿರು ಬಿಡಿ ಭಾವ."

97.

"ಟೇಪು ಹಳೇದು ಕಣೋ, ಕುಗ್ಗಿದೆ."

ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಚೀಟಿ ಮಾತ್ರ ಇನ್ನೂ ಅವರ ಜೇಬಿನಲ್ಲೇ ಇದೆ.